ನನ್ನ ತೂಕದ ಬೆಲ್ಲ

ನನ್ನ ತೂಕ ಅರವತ್ತಾರು ಕಿಲೋ. ಹೆಂಗಸರು ತಮ್ಮ ತೂಕವನ್ನು ಹೀಗೆ ನಾಲ್ಕು ಜನರ ಮುಂದೆ ಹೇಳಿಕೊಳ್ಳಬಾರದಂತೆ. ನಾನು ಹೇಳುತ್ತೇನೆ. ಮದುವೆ ಮನೆಯಲ್ಲಿ, ರೇಷನ್ ಅಂಗಡಿಯ ಸಾಲಿನಲ್ಲಿ, ದೊಡ್ಡಬಳ್ಳಾಪುರದ ಬಸ್ಸಿನಲ್ಲಿ ಪಕ್ಕ ಕೂತವರಿಗೆ, ಕೇಳಿದರೂ ಹೇಳುತ್ತೇನೆ, ಕೇಳದಿದ್ದರೂ ಹೇಳುತ್ತೇನೆ. ಅವರು ನನ್ನನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿ, "ಅಷ್ಟೆಲ್ಲ ಇಲ್ಲ ಬಿಡಿ, ತೆಳ್ಳಗಿದ್ದೀರ" ಎನ್ನುತ್ತಾರೆ. ನಾನು ತೋಳು ಮುಂದೆ ಚಾಚಿ, ಒತ್ತಿ ನೋಡಿ ಎನ್ನುತ್ತೇನೆ. ಕೆಲವರು ಒತ್ತಿ ನೋಡುತ್ತಾರೆ, ಕೆಲವರು ಸೀಟು ಬದಲಿಸುತ್ತಾರೆ. ನನಗೆ ಎರಡೂ ಒಂದೇ. ಈ ಅರವತ್ತಾರು ಕಿಲೋವನ್ನು ನಾನು ಸಿಟ್ಟಿನಿಂದ ಕಟ್ಟಿದ್ದು. ಯಾರ ಮೇಲಿನ ಸಿಟ್ಟು ಎಂಬುದನ್ನೂ ಮುಚ್ಚಿಡುವುದಿಲ್ಲ.

ಅವರು ನನ್ನ ಗಂಡನ ಸೋದರಮಾವ, ಎಂದರೆ ನನ್ನ ಅತ್ತೆಯ ಸ್ವಂತ ಅಣ್ಣ. ನಾನು ಕರೆಯುವುದು ಮಾವ ಎಂದು. ಕುರಿ ವ್ಯಾಪಾರ ಅವರ ಕಸುಬು. ನಮ್ಮ ಕುಂದಾಣದ ಸುತ್ತಮುತ್ತ ಯಾರ ಮನೆಯಲ್ಲಿ ಬಾಡೂಟ ಆಗಬೇಕಿದ್ದರೂ ಕುರಿ ಆರಿಸಲು ಅವರೇ ಬರಬೇಕು. ಕುರಿಯ ಬೆನ್ನಿನ ಕೊನೆಗೆ, ಸೊಂಟದ ಮೂಳೆಯ ಎರಡೂ ಪಕ್ಕ ಬೆರಳಿಟ್ಟು ಒತ್ತಿದರೆಂದರೆ, ಅದನ್ನು ಕೊಯ್ದು ತೊಗಲು, ತಲೆ, ಕಾಲು ಎಲ್ಲ ಕಳೆದ ಮೇಲೆ ಎಷ್ಟು ಮಾಂಸ ಬರುತ್ತದೆ ಎಂದು ಹೇಳಿಬಿಡುತ್ತಿದ್ದರು. ಅರ್ಧ ಕಿಲೋ ಆಚೀಚೆ ಆದರೆ ದೊಡ್ಡ ಮಾತು. ಸಂತೆಗೆ ಹೊಡೆದುಕೊಂಡು ಬರುವ ಮುಂಚೆ ಕೆಲವರು ಕುರಿಗೆ ಉಪ್ಪು ನೆಕ್ಕಿಸಿ ಹೊಟ್ಟೆತುಂಬ ನೀರು ಕುಡಿಸುತ್ತಾರೆ, ತಕ್ಕಡಿಯಲ್ಲಿ ಜಾಸ್ತಿ ತೂಗಲಿ ಎಂದು. ಮಾವನ ಹತ್ತಿರ ಆ ಆಟ ನಡೆಯುತ್ತಿರಲಿಲ್ಲ. "ಉಣ್ಣೆ ತೂಗಲ್ಲ, ನೀರು ನಿಲ್ಲಲ್ಲ, ಮಾಂಸ ಒಂದೇ ಮೋಸ ಮಾಡಲ್ಲ" ಎನ್ನುತ್ತಿದ್ದರು. ಈ ಮಾತು ಮಾತ್ರ ಅಪ್ಪಟ ನಿಜ. ಹಗೆಯ ಬಾಯಿಂದ ಬಂತು ಎಂದು ನಿಜವನ್ನು ಸುಳ್ಳು ಎನ್ನಲಾಗುವುದಿಲ್ಲ.

ನನ್ನನ್ನು ನೋಡಲು ಬಂದ ದಿನ ಗಂಡಿನ ಕಡೆಯ ಹಿರಿಯರಾಗಿ ಬಂದದ್ದೂ ಅವರೇ. ನನ್ನ ತವರು ರಾಜಘಟ್ಟದ ಹತ್ತಿರ. ಉಪ್ಪಿಟ್ಟು ಕೇಸರಿಬಾತು ತಿಂದು, ಒಪ್ಪಿಗೆ ಎಂದು ಹೇಳಿ, ಅಂಗಳದಲ್ಲಿ ಚಪ್ಪಲಿ ಮೆಟ್ಟಿಕೊಳ್ಳುವಾಗ ನಮ್ಮಪ್ಪನಿಗೆ ಹೇಳಿದರು: "ಹುಡುಗಿ ನಲವತ್ತೈದರ ಮೇಲೆ ಒಂದು ಗ್ರಾಮೂ ಇಲ್ಲ ಕಣಪ್ಪ. ಇದಕ್ಕಿಂತ ನನ್ ಟಗರೇ ವಾಸಿ." ಎಲ್ಲರೂ ನಕ್ಕರು. ನಮ್ಮಪ್ಪನೂ ನಕ್ಕ. ಹೆಣ್ಣು ಕೊಡುವವನು ನಗಲೇಬೇಕಲ್ಲ. ಬಾಗಿಲ ಹಿಂದೆ ನಿಂತಿದ್ದ ನನಗೆ ನಗು ಬರಲಿಲ್ಲ. ಕುರಿಯನ್ನು ಮುಟ್ಟದೆ, ಒತ್ತದೆ, ಹಲ್ಲು ನೋಡದೆ ಒಂದು ಮಾತೂ ಆಡದ ಮನುಷ್ಯ, ನನ್ನನ್ನು ಉಪ್ಪಿಟ್ಟು ಅಗಿಯುತ್ತಾ ದೂರದಿಂದ ನೋಡಿ ತೂಗಿಬಿಟ್ಟಿದ್ದರು.

ಮದುವೆಯಾಗಿ ಬಂದ ಮೇಲೆ ಅದೇ ನನ್ನ ಹೆಸರಾಯಿತು. ತಿಂಗಳಿಗೆ ಎರಡು ಸಲವಾದರೂ ತಂಗಿಯ ಮನೆಗೆ ಬಂದು ಜಗಲಿಯ ಮೇಲೆ ಕೂರುತ್ತಿದ್ದರು. "ಏನಮ್ಮ ನಲವತ್ತೈದು, ಕಾಫಿ ಕೊಡ್ತೀಯಾ?" ಕೊಡುತ್ತಿದ್ದೆ. ನನ್ನ ಗಂಡನ ತಂದೆ ಆಗಲೇ ತೀರಿಕೊಂಡಿದ್ದರು, ಹಾಗಾಗಿ ಆ ಮನೆಯಲ್ಲಿ ಇವರ ಮಾತೇ ಹಿರಿಯರ ಮಾತು. ನನ್ನ ಗಂಡ ದೊಡ್ಡಬಳ್ಳಾಪುರದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾರೆ, ಇರುವೆಗೂ ದಾರಿ ಬಿಡುವ ಜಾತಿ. ನಾನು ಸಿಡುಕಿದಾಗಲೆಲ್ಲ, "ಹೋಗ್ಲಿ ಬಿಡೇ, ದೊಡ್ಡೋರು" ಎನ್ನುತ್ತಿದ್ದರು. ಅಲ್ಲಿಯತನಕ ನಾನೂ ಹೋಗಲಿ ಎಂದು ಬಿಟ್ಟಿದ್ದೆ.

ಬಿಡಲಾಗದ ಮಾತು ಬಂದದ್ದು ಮದುವೆಯ ಎರಡನೇ ವರ್ಷ. ನಾನು ಬಸುರಿಯಾಗಿ ಐದನೇ ತಿಂಗಳಿಗೆ ಮಗು ಹೋಯಿತು. ಯಾಕೆ ಹೋಯಿತು ಎಂದು ಯಾರಿಗೂ ಗೊತ್ತಾಗಲಿಲ್ಲ. ಆಸ್ಪತ್ರೆಯಲ್ಲಿ, "ಕೆಲವು ಸಲ ಹೀಗಾಗುತ್ತೆ, ನಿಮ್ಮ ತಪ್ಪೇನೂ ಇಲ್ಲ" ಎಂದು ಹೇಳಿ ಕಳಿಸಿದರು. ಮನೆಗೆ ಬಂದು ಒಳಗಿನ ಕೋಣೆಯಲ್ಲಿ ಮಲಗಿದ್ದೆ. ಎದೆಯಲ್ಲಿ ಹಾಲು ಬರುತ್ತಿತ್ತು, ಬಟ್ಟೆ ಬಿಗಿದು ಕಟ್ಟಿಕೊಂಡಿದ್ದೆ. ನೋಡಲು ಬಂದ ನೆಂಟರು, ಅಕ್ಕಪಕ್ಕದವರು ಜಗಲಿಯ ಮೇಲೆ ಕೂತಿದ್ದರು. ಮಾವನೂ ಬಂದಿದ್ದರು. ಯಾರೋ, ಪಾಪ ಹೀಗಾಗಬಾರದಿತ್ತು ಎಂದರು. ಅದಕ್ಕೆ ಮಾವ ಹೇಳಿದ್ದು, ನನ್ನ ಕಿವಿಗೆ ನೇರ ಬಂದು ಬಿದ್ದದ್ದು ಇದು: "ಮೈಯಾಗೆ ಮಾಂಸ ಇಲ್ದಿದ್ದೋಳ ಹೊಟ್ಟೇಲಿ ಮಗ ಎಲ್ಲಿ ನಿಲ್ತದೆ? ಒಣಕಲು ಕುರಿ ಗಬ್ಬ ಆದ್ರೂ ಕಂದಾಕ್ತದೆ."

ದಿನ ತುಂಬದೆ ಗಬ್ಬ ಬಿದ್ದುಹೋದರೆ ಕಂದು ಹಾಕಿತು ಎಂದು ನಮ್ಮ ಕಡೆ ದನ ಕುರಿ ಮೇಕೆಗೆ ಹೇಳುತ್ತಾರೆ. ಮನುಷ್ಯರಿಗೆ ಹೇಳುವುದಿಲ್ಲ.

ನನ್ನ ಅತ್ತೆ ಅಲ್ಲೇ ಇದ್ದರು. ಅಣ್ಣನ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟ ಸದ್ದು ಕೇಳಿಸಿತು, ಅಷ್ಟೇ. ಆ ದಿನದಿಂದ ನನ್ನ ಲೆಕ್ಕದಲ್ಲಿ ಅತ್ತೆಯೂ ಅಣ್ಣನ ಪಕ್ಷ. ನಾನು ಗೋಡೆ ಕಡೆ ತಿರುಗಿ ಮಲಗಿ ಒಂದೇ ಒಂದು ತೀರ್ಮಾನ ಮಾಡಿದೆ: ಈ ಮಾತನ್ನು ಯಾರ ಮುಂದೆ ಆಡಿದರೋ ಅವರ ಮುಂದೆಯೇ, ಅದೇ ಬಾಯಲ್ಲಿ, ಇವರಿಂದ ವಾಪಸ್ ನುಂಗಿಸುತ್ತೇನೆ. ಹೇಗೆ ಎಂದು ಗೊತ್ತಿರಲಿಲ್ಲ. ಅವರ ಕುರಿಗಳಿಗೆಲ್ಲ ಕಾಲುಬಾಯಿ ರೋಗ ಬರಲಿ ಎಂದು ಮೊದಲು ಶಾಪ ಹಾಕಿದೆ. ಆಮೇಲೆ ಕುರಿಗಳು ನನಗೇನು ಮಾಡಿದ್ದವು ಎನ್ನಿಸಿ ಶಾಪವನ್ನು ಮಾವನ ಮೊಣಕಾಲಿಗೆ ವರ್ಗಾಯಿಸಿದೆ.

ಸಣ್ಣಪುಟ್ಟ ಸೇಡುಗಳನ್ನು ತೀರಿಸಿಕೊಳ್ಳುತ್ತಲೇ ಇದ್ದೆ. ಹಬ್ಬದ ಬಾಡೂಟದಲ್ಲಿ ಮಾವನಿಗೆ ಬಡಿಸುವ ಕೆಲಸ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಸೌಟಿನಲ್ಲಿ ಹುಡುಕಿ ಹುಡುಕಿ ಮೂಳೆ ತುಂಡುಗಳನ್ನೇ ಎಲೆಗೆ ಹಾಕುತ್ತಿದ್ದೆ. ಒಂದು ಸಲ ತಡೆಯಲಾರದೆ, "ಬರೀ ಮೂಳೇನೇ ಬರ್ತೈತಲ್ಲಮ್ಮ, ಮಾಂಸ ಇಲ್ವಾ?" ಎಂದರು.

"ಏನ್ಮಾಡ್ಲಿ ಮಾವ, ಕುರಿ ನೀವೇ ಆರಿಸಿದ್ದು" ಎಂದೆ.

ಪಂಕ್ತಿ ಪೂರ್ತಿ ನಕ್ಕಿತು. ಮಾವನೂ ನಕ್ಕರು. ಅವರು ನಕ್ಕದ್ದಕ್ಕೆ ನನಗೆ ಇನ್ನಷ್ಟು ಉರಿಯಿತು. ಚುಚ್ಚಿದ್ದು ಅವರಿಗೆ ತಾಗಿರಲೇ ಇಲ್ಲ.

ಮಗು ಹೋದ ವರ್ಷವೇ ಊರಿನ ಹಾಲಿನ ಡೇರಿಯಲ್ಲಿ ನನಗೆ ಕೆಲಸ ಸಿಕ್ಕಿತು. ಬೆಳಗ್ಗೆ ಸಂಜೆ ಜನ ತರುವ ಹಾಲನ್ನು ತೂಗಿ, ಕ್ಯಾನಿಗೆ ಸುರಿದು, ಗಾಡಿ ಬಂದಾಗ ಏರಿಸಿ ಕಳಿಸಬೇಕು. ತುಂಬಿದ ಕ್ಯಾನನ್ನು ಇಬ್ಬರು ಎರಡು ಹಿಡಿ ಹಿಡಿದು ಎತ್ತುವುದು ವಾಡಿಕೆ. ನನ್ನ ಜೊತೆಯವನಿಗೆ ವಾರದಲ್ಲಿ ಮೂರು ದಿನ ಹೊಟ್ಟೆನೋವು. ಮೊದಮೊದಲು ಕ್ಯಾನನ್ನು ಓರೆ ಮಾಡಿ ಉರುಳಿಸಿಕೊಂಡು ಹೋಗುತ್ತಿದ್ದೆ. ಆಮೇಲೆ ಅರ್ಧ ಕ್ಯಾನು ಎತ್ತುವುದು ಬಂತು, ಆಮೇಲೆ ಮುಕ್ಕಾಲು. ಬೆನ್ನು ಬಗ್ಗಿಸದೆ, ಕುಕ್ಕರುಗಾಲಲ್ಲಿ ಕೂತು, ಭಾರವನ್ನು ತೊಡೆಗೆ ಕೊಟ್ಟು ಮೇಲೇಳಬೇಕು ಎಂದು ನನಗೆ ಯಾರೂ ಕಲಿಸಲಿಲ್ಲ, ನೋವೇ ಕಲಿಸಿತು. ಪ್ರತಿ ಸಲ ಎತ್ತುವಾಗಲೂ ಹಲ್ಲು ಕಚ್ಚಿ ಒಂದು ಮಾತು ಅಂದುಕೊಳ್ಳುತ್ತಿದ್ದೆ. ಅದೇನೆಂದು ಬರೆದರೆ ಚೆನ್ನಾಗಿರುವುದಿಲ್ಲ. ಡೇರಿ ಮುಗಿಸಿ ಬಂದರೆ ಮನೆಯಲ್ಲಿ ಎರಡು ಸೀಮೆ ಹಸು. ಅವಕ್ಕೆ ಹುಲ್ಲು ಕೊಯ್ದು, ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು ತರಬೇಕು. ಮೇಲೆ ದೇವನಹಳ್ಳಿಯ ಕಡೆಗೆ ಇಳಿಯುವ ವಿಮಾನಗಳು, ಕೆಳಗೆ ಹೊರೆ ಹೊತ್ತ ನಾನು.

ಜೊತೆಗೆ ತಿಂದೆ. ನಾಚಿಕೆ ಬಿಟ್ಟು ತಿಂದೆ. ಹುರುಳಿ, ಅವರೆ, ಮೊಟ್ಟೆ, ಹಾಲು, ಎರಡು ಮುದ್ದೆ. ನನ್ನ ಮುಖ ದುಂಡಗಾಗಲಿಲ್ಲ, ಕೆನ್ನೆ ತುಂಬಲಿಲ್ಲ, ಸೊಂಟದ ಸುತ್ತ ಮಡಿಕೆ ಬೀಳಲಿಲ್ಲ. ರವಿಕೆಯ ತೋಳು ಬಿಗಿಯಾಯಿತು, ಬಿಚ್ಚಿ ಹೊಲಿಸಿಕೊಂಡೆ, ಅಷ್ಟೇ. ನಮ್ಮ ಕಡೆ ಹೆಂಗಸಿನ ತೂಕವನ್ನು ಅಳೆಯುವುದು ಕೆನ್ನೆಯಲ್ಲಿ. ಮೈಕೈ ತುಂಬಿಕೊಂಡಿದ್ದಾಳೆ ಎಂದರೆ ಕೆನ್ನೆ ಉಬ್ಬಿದೆ ಎಂದರ್ಥ. ಹಾಗಾಗಿ ಜಗಲಿಯ ಮೇಲಿನ ಮಾವನ ಕಣ್ಣಿಗೆ ನಾನು ಇನ್ನೂ ನಲವತ್ತೈದೇ. ಅವರು ಬರುತ್ತಿದ್ದದ್ದು ಹೊತ್ತೇರಿದ ಮೇಲೆ. ಕ್ಯಾನು ಎತ್ತುವ ನನ್ನನ್ನು ಅವರು ಒಂದು ದಿನವೂ ಕಂಡಿರಲಿಲ್ಲ. ಸೆರಗು ಹೊದ್ದು ಕಾಫಿ ಲೋಟ ಹಿಡಿದು ಬರುವವಳು ಮಾತ್ರ ಅವರಿಗೆ ಗೊತ್ತು.

ಮತ್ತೆ ಬಸುರಿಯಾದಾಗ ಮದುವೆಯಾಗಿ ಏಳು ವರ್ಷ ಕಳೆದಿತ್ತು. ದೇವನಹಳ್ಳಿಯಲ್ಲಿ ಡಾಕ್ಟರಮ್ಮನ ಹತ್ತಿರ ಮೊದಲ ಸಲ ತೋರಿಸಲು ಹೋದಾಗ ನರ್ಸು ನನ್ನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ಕಣ್ಣರಳಿಸಿ, ಇಳಿಸಿ, ಯಂತ್ರವನ್ನು ಒಮ್ಮೆ ಗುದ್ದಿ ಮತ್ತೆ ಹತ್ತಿಸಿದಳು. ಅರವತ್ತೈದು. ಡಾಕ್ಟರಮ್ಮ ನನ್ನ ತೊಡೆ, ತೋಳು ಒತ್ತಿ ನೋಡಿ, ಏನು ಕೆಲಸ ಎಂದು ಕೇಳಿದರು. ಹೇಳಿದೆ.

"ಅದಕ್ಕೇ. ಇದೆಲ್ಲ ಮಾಂಸಖಂಡ" ಎಂದರು. "ಕೊಬ್ಬು ಹೆಚ್ಚು ಜಾಗ ತಗೊಂಡು ಕಡಿಮೆ ತೂಗುತ್ತೆ. ಮಾಂಸಖಂಡ ಕಡಿಮೆ ಜಾಗದಲ್ಲಿ ಹೆಚ್ಚು ತೂಗುತ್ತೆ. ಸೇರಿನ ತುಂಬ ಕಡ್ಲೆಪುರಿ ಅಳೆದರೂ ಒಂದೇ ಸೇರು, ರಾಗಿ ಅಳೆದರೂ ಒಂದೇ ಸೇರು. ತಕ್ಕಡಿಗೆ ಹಾಕಿದ್ರೆ ತಾನೇ ಗೊತ್ತಾಗೋದು?"

ಕೊಬ್ಬಿಗೂ ಮಾಂಸಖಂಡಕ್ಕೂ ವ್ಯತ್ಯಾಸ ಅಷ್ಟೊಂದು ಇರುವುದಿಲ್ಲ, ಅರ್ಥವಾಗಲಿ ಎಂದು ಹೇಳಿದೆ ಎಂದೂ ಸೇರಿಸಿದರು. ಗಂಡಸಿನ ಮೈಯಲ್ಲಿ ಹೆಂಗಸಿಗಿಂತ ಮಾಂಸಖಂಡ ಹೆಚ್ಚಂತೆ. ಆದರೆ ಹೆಂಗಸಿನ ತೂಕದಲ್ಲೂ ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು ಅದೇ, ದುಡಿಯುವವಳಿಗೆ ಇನ್ನೂ ಹೆಚ್ಚು. ವಯಸ್ಸಾಗುತ್ತಾ ಬಂದಂತೆ, ಕೂತು ತಿಂದಂತೆ, ಅದು ಸದ್ದಿಲ್ಲದೆ ಕರಗುತ್ತದೆ, ಜಾಗಕ್ಕೆ ಕೊಬ್ಬು ಬಂದರೆ ತೂಕ ಇಳಿಯದೆಯೂ ಬಲ ಹೋಗಿರುತ್ತದೆ. ನಾನು ಇದನ್ನೆಲ್ಲ ಬಾಯಿಪಾಠದಂತೆ ಕೇಳಿಸಿಕೊಂಡೆ. ಕೊನೆಗೆ ಒಂದೇ ಪ್ರಶ್ನೆ ಕೇಳಿದೆ: ಹಿಂದಿನ ಮಗು ಹೋದದ್ದು ನನ್ನ ಮೈಯಲ್ಲಿ ಮಾಂಸ ಇಲ್ಲದ್ದಕ್ಕಾ?

"ಯಾರಮ್ಮ ಹಾಗಂದೋರು?" ಎಂದರು ಡಾಕ್ಟರಮ್ಮ, ಸಿಟ್ಟಿನಿಂದ. ಆ ಸಿಟ್ಟಿಗೇ ನನಗೆ ಅಳು ಬಂತು. ಆವತ್ತಿನಿಂದ ಕ್ಯಾನು ಎತ್ತಬೇಡ ಎಂದರು. ಎತ್ತಲಿಲ್ಲ.

ಮೂರನೇ ತಿಂಗಳಿಗೆ ಅತ್ತೆ ದೇವರ ಮುಂದೆ ದೀಪ ಹಚ್ಚಿ, ಅರಿಶಿನದ ಬಟ್ಟೆಯಲ್ಲಿ ಕಾಸು ಕಟ್ಟಿ ಹರಕೆ ಹೊತ್ತರು. ಈ ಸಲ ಮಗು ನಿಂತು ಕೈಗೆ ಬಂದರೆ, ತಾಯಿಯನ್ನು ಮನೆದೇವರ ಗುಡಿಯಲ್ಲಿ ಕೂರಿಸಿ ಅವಳ ತೂಕದ ಬೆಲ್ಲ ಕೊಡುತ್ತೇನೆ ಎಂದು. ನನಗೆ ಹೇಳದೆಯೇ ಹೊತ್ತ ಹರಕೆ. ಅಣ್ಣನ ತಟ್ಟೆಗೆ ಮುದ್ದೆ ಇಟ್ಟವರ ಹರಕೆ ನನಗೆ ಬೇಕಿರಲಿಲ್ಲ, ಆದರೂ ಬಾಯಿ ಮುಚ್ಚಿಕೊಂಡಿದ್ದೆ. ಮಗಳು ಹುಟ್ಟಿದಳು. ಮೂರು ಕಿಲೋ ಇದ್ದಳು. ಮೊದಲ ಅಳುವಿಗೇ ಆಸ್ಪತ್ರೆ ಎದ್ದು ಕೂತಿತು.

ಮಗಳಿಗೆ ಒಂಬತ್ತು ತಿಂಗಳಾದಾಗ ಹರಕೆ ತೀರಿಸುವ ಮಾತು ಬಂತು. ನಾನಷ್ಟು ಹೊತ್ತಿಗೆ ಮತ್ತೆ ಡೇರಿಗೆ ಹೋಗುತ್ತಿದ್ದೆ. ಹರಕೆ ಹೊತ್ತವರ ತವರಿನಿಂದ ಬೆಲ್ಲ ಬರಬೇಕು ಎಂಬುದು ಈ ಮನೆಯ ಪದ್ಧತಿ, ಎಂದರೆ ಮಾವನೇ ತರಬೇಕು. ಜಗಲಿಯ ಮೇಲೆ ಮಾತಿಗೆ ಕೂತಾಗ ನನ್ನ ಗಂಡ, "ಡೇರಿ ತಕ್ಕಡೀಲಿ ಒಂದ್ಸಲ ತೂಕ ನೋಡ್ಬಿಡೋಣ ಮಾವ, ಅಳತೆ ಸಿಗುತ್ತೆ" ಎಂದರು.

"ನನಗೆ ತಕ್ಕಡಿ ತೋರಿಸ್ತೀಯೇನ್ಲಾ?" ಮಾವನಿಗೆ ಅವಮಾನವಾಗಿತ್ತು. "ಮೂವತ್ತು ವರ್ಷದಿಂದ ನನ್ ಕಣ್ಣೇ ತಕ್ಕಡಿ." ಕಂಕುಳಲ್ಲಿ ಮಗು ಎತ್ತಿಕೊಂಡು ನಿಂತಿದ್ದ ನನ್ನನ್ನು ಒಂದು ಕಣ್ಣು ಕಿರಿದು ಮಾಡಿ ನೋಡಿದರು. "ಹೆತ್ತ ಮೈ, ಸ್ವಲ್ಪ ಕಟ್ಟೈತೆ. ನಲವತ್ತೆಂಟು. ಐವತ್ತು ತರ್ತೀನಿ, ಎರಡು ಕೇಜಿ ದೇವ್ರಿಗೆ ಹೆಚ್ಚಿಗೇನೇ ಇರ್ಲಿ."

ನನ್ನ ಗಂಡನಿಗೆ ನನ್ನ ತೂಕ ಗೊತ್ತು. ಬಾಯಿ ತೆರೆದರು. ನಾನು ನೋಡಿದ ನೋಟಕ್ಕೆ ಮುಚ್ಚಿದರು. ಒಳಗೆ ಹೋಗಿ ಮಗಳ ಹೊಟ್ಟೆಯ ಮೇಲೆ ಮುಖವಿಟ್ಟು ನಕ್ಕೆ. ಇಷ್ಟು ವರ್ಷ ನಾನು ಹುಡುಕುತ್ತಿದ್ದ ದಾರಿಯನ್ನು ಅವರೇ ಕಡಿದುಕೊಟ್ಟಿದ್ದರು.

ನಮ್ಮ ಮನೆದೇವರ ಗುಡಿ ಇರುವುದು ಶಿವಗಂಗೆಯ ಕಡೆ, ಒಂದು ಸಣ್ಣ ಹಳ್ಳಿಯಲ್ಲಿ. ವ್ಯಾನು ಮಾಡಿಕೊಂಡು ಹೋದೆವು. ಅಂದು ಜಗಲಿಯ ಮೇಲೆ ಕೂತಿದ್ದ ನೆಂಟರು, ಅಕ್ಕಪಕ್ಕದವರು ಎಲ್ಲರನ್ನೂ ನಾನೇ ಮನೆಮನೆಗೆ ಹೋಗಿ ಕುಂಕುಮವಿಟ್ಟು ಕರೆದಿದ್ದೆ. ಎಷ್ಟು ಒಳ್ಳೆ ಸೊಸೆ ಎಂದು ಹೊಗಳಿದರಂತೆ. ಮಾವ ಸ್ಕೂಟರಿನಲ್ಲಿ ಬಂದರು. ಬೆಲ್ಲವನ್ನು ಮೊದಲೇ ಆಟೋದಲ್ಲಿ ಕಳಿಸಿದ್ದರು, ಒಂದೊಂದು ಕಿಲೋದ ಅಚ್ಚುಗಳು, ಎಣಿಸಿ ಐವತ್ತು.

ಗುಡಿಯ ಮುಂದಿನ ಮಂಟಪದಲ್ಲಿ ತೊಲೆಗೆ ಸರಪಳಿ ಬಿಗಿದು ತಕ್ಕಡಿ ಕಟ್ಟಿದ್ದಾರೆ. ಎರಡು ಕಡೆಯೂ ಮರದ ಹಲಗೆ. ಹಲಗೆಯ ಮೇಲೆ ಕೂತವರು ಸಮತೂಕ ಬರುವ ತನಕ ಇಳಿಯುವ ಹಾಗಿಲ್ಲ, ಇಳಿದರೆ ಹರಕೆ ಸಂದ ಹಾಗಲ್ಲ. ಹರಕೆ ಬೆಲ್ಲದ್ದಾದರೆ ಬೆಲ್ಲವನ್ನೇ ಇಡಬೇಕು. ಮಗಳನ್ನು ಅತ್ತೆಯ ಕೈಗೆ ಕೊಟ್ಟು, ಸೆರಗು ಸಿಕ್ಕಿಸಿಕೊಂಡು, ಚಕ್ಕಂಬಟ್ಟಲೆ ಹಾಕಿ ಕೂತೆ. ಹಲಗೆ ನೆಲಕ್ಕೆ ಕೂತಿತು. ಪೂಜಾರಿ ಎದುರಿನ ಹಲಗೆಗೆ ಬೆಲ್ಲ ಜೋಡಿಸತೊಡಗಿದರು. ಮಾವ ಪಕ್ಕದಲ್ಲಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತು, "ಇನ್ನೇನು ಎದ್ದುಬಿಡ್ತಾಳೆ ನೋಡಿ" ಎಂದು ಎಲ್ಲರಿಗೂ ಹೇಳುತ್ತಿದ್ದರು.

ಕೊನೆಯ ಅಚ್ಚನ್ನೂ ಇಟ್ಟಾಯಿತು. ನಾನು ಏಳಲಿಲ್ಲ. ಪೂಜಾರಿ ಸರಪಳಿ ಅಲ್ಲಾಡಿಸಿದರು. ಹಲಗೆ ನೆಲ ಬಿಟ್ಟು ಕೂದಲೆಳೆಯಷ್ಟೂ ಮಿಸುಕಲಿಲ್ಲ.

"ತಕ್ಕಡಿ ಸಿಕ್ಕಾಕ್ಕೊಂಡೈತೆ" ಎಂದರು ಮಾವ. ಪೂಜಾರಿ, ಈಗ ತಾನೇ ಇನ್ನೊಬ್ಬರಿಗೆ ತೂಗಿದೆ, ಸರಿಯಿದೆ ಎಂದರು. "ಒಡವೆ ತೆಗೀಮ್ಮ, ಒಡವೆ ಭಾರ" ಎಂದರು ಮಾವ. ಕತ್ತಿನ ಸರ ತೆಗೆದು ಗಂಡನ ಕೈಗೆ ಕೊಟ್ಟೆ. "ಸೀರೆ ಜರಿ ಭಾರ ಇರ್ಬೇಕು" ಎಂದರು. "ಅದನ್ನ ಮಾತ್ರ ತೆಗೆಯಕ್ಕಾಗಲ್ಲ ಮಾವ" ಎಂದೆ. ನೆರೆದಿದ್ದ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಮಾವ ಬೆವರು ಒರೆಸಿಕೊಂಡು ಸ್ಕೂಟರ್ ಹತ್ತಿ ಹಳ್ಳಿಯ ಅಂಗಡಿಗೆ ಹೋದರು. ಅಲ್ಲಿದ್ದದ್ದು ಹತ್ತೇ ಕಿಲೋ. ತಂದು ಇಟ್ಟರು. ನಾನು ಇನ್ನೂ ನೆಲದಲ್ಲೇ.

ಆಗ ಮಾವ ಹತ್ತಿರ ಬಂದು, ಬಗ್ಗಿ, ಯಾರಿಗೂ ಕೇಳಿಸದ ಹಾಗೆ ಕೇಳಿದರು: "ಎಷ್ಟಮ್ಮ ನಿನ್ ತೂಕ? ಹೇಳ್ಬಿಡು."

"ನಿಮ್ಮ ಕಣ್ಣೇ ತಕ್ಕಡಿ ಅಲ್ವಾ ಮಾವ? ನೀವೇ ಹೇಳಿ." ನಾನು ಮಾತ್ರ ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದೆ.

"ಕಣ್ಣು ತಪ್ತು ಕಣಮ್ಮ."

"ಕಣ್ಣಲ್ಲ ಮಾವ, ತಪ್ಪಿದ್ದು ಬಾಯಿ. ಮೈಯಾಗೆ ಮಾಂಸ ಇಲ್ದಿದ್ದೋಳ ಹೊಟ್ಟೇಲಿ ಮಗ ನಿಲ್ಲಲ್ಲ, ಒಣಕಲು ಕುರಿ ಕಂದಾಕ್ತದೆ ಅಂದ್ರಿ. ನಾನು ಒಳಗೆ ಎದೆಗೆ ಬಟ್ಟೆ ಕಟ್ಕೊಂಡು ಮಲಗಿದ್ದೆ. ಇಲ್ಲಿರೋರೆಲ್ಲ ಕೇಳಿಸ್ಕೊಂಡಿದ್ರು. ಈಗ ಅವರ ಮುಂದೇನೇ ಹೇಳಿ, ಈ ಮೈಯಲ್ಲಿ ಮಾಂಸ ಇದೆಯೋ ಇಲ್ವೋ?"

ನನ್ನ ಗಂಡ ಹೋಗ್ಲಿ ಬಿಡೇ ಎನ್ನಲಿಲ್ಲ, ತಲೆ ತಗ್ಗಿಸಿ ನಿಂತಿದ್ದರು. ಮಾವ ಅತ್ತ ಇತ್ತ ನೋಡಿದರು. ಯಾರೂ ಅವರ ಸಹಾಯಕ್ಕೆ ಬರಲಿಲ್ಲ.

"ಯಾವತ್ತೋ ಆಡಿದ್ ಮಾತು..." ಎಂದರು. "ಐತೆ ಕಣಮ್ಮ. ಮಾಂಸ ಐತೆ. ನಂದೇ ತಪ್ಪು." ಹೇಳಿದವರೇ ಸ್ಕೂಟರ್ ತಿರುಗಿಸಿಕೊಂಡು ಡಾಬಸ್‌ಪೇಟೆಯ ಕಡೆ ಹೊರಟುಹೋದರು.

ನನಗೆ ಬೇಕಾಗಿದ್ದು ಸಿಕ್ಕಿತ್ತು. ಕೇಳಿದವರ ಮುಂದೆ, ಅದೇ ಬಾಯಿಂದ. ಕಾಲು ಜೋಮು ಹಿಡಿದು ಮರದ ಹಲಗೆಯ ಮೇಲೆ ಕೂತು ನಾನು ಸಂತೋಷ ಬರಲಿ ಎಂದು ಕಾದೆ. ಸ್ವಲ್ಪ ಬಂತು, ಇಲ್ಲವೆನ್ನುವುದಿಲ್ಲ. ಆದರೆ ಸಾಲದು ಅನ್ನಿಸಿತು. ಇನ್ನೇನು ಬೇಕು ಎಂದು ನನಗೇ ಗೊತ್ತಾಗಲಿಲ್ಲ. ಅತ್ತೆ ಕಂಬಕ್ಕೊರಗಿ ಮಗಳನ್ನು ತಟ್ಟುತ್ತಾ ನಿಂತಿದ್ದರು. ಅವರು ಅಂದಿನ ಹಾಗೆಯೇ ಸುಮ್ಮನಿದ್ದರು, ನನಗೆ ಅದೂ ಉರಿಯುತ್ತಿತ್ತು.

ಮಾವ ಬಿಸಿಲೇರಿದ ಮೇಲೆ ಬಂದರು. ಎಷ್ಟು ತರಬೇಕೆಂದು ನನ್ನನ್ನು ಕೇಳಿರಲಿಲ್ಲ, ಮತ್ತೆ ಅಂದಾಜಿನಲ್ಲೇ ಎಂಟು ಅಚ್ಚು ತಂದಿದ್ದರು. ಚೀಲವನ್ನು ಎರಡೂ ಕೈಯಲ್ಲಿ ಅವುಚಿಕೊಂಡು ಮೆಟ್ಟಿಲು ಹತ್ತುವಾಗ ಏದುಸಿರು ಬಿಡುತ್ತಿದ್ದರು. ಆವತ್ತೇ ಮೊದಲ ಸಲ ಅವರ ತೋಳನ್ನು ಸರಿಯಾಗಿ ನೋಡಿದೆ. ಹೊಟ್ಟೆ ಮುಂದೆ ಬಂದಿತ್ತು, ತೋಳಿನಲ್ಲಿ ಮಾತ್ರ ತೊಗಲು ಜೋತು ಬಿದ್ದಿತ್ತು. ನನ್ನ ಗಂಡ ಚೀಲಕ್ಕೆ ಕೈಹಾಕಲು ಹೋದರು.

"ಬಿಡ್ರಿ, ಅವರೇ ಹೊರಲಿ" ಎಂದೆ.

ಹೊತ್ತು ತಂದು ಒಂದೊಂದಾಗಿ ಇಟ್ಟರು. ಆರನೆಯದಕ್ಕೆ ಹಲಗೆ ಅಲುಗಿತು. ಏಳನೆಯದಕ್ಕೆ ನಾನು ಮೆಲ್ಲಗೆ ನೆಲ ಬಿಟ್ಟೆ, ದೇವರ ಕಡೆ ಒಂದಿಷ್ಟು ತಗ್ಗಿತು. ಪೂಜಾರಿ ಗಂಟೆ ಬಾರಿಸಿ ಮಂಗಳಾರತಿ ಬೆಳಗಿ, "ಸಂದಿತು, ಇಳೀಮ್ಮ" ಎಂದರು. ಚೀಲದಲ್ಲಿ ಒಂದು ಅಚ್ಚು ಉಳಿದಿತ್ತು. ಮಾವ ಅದನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದರು.

ನಾನು ಇಳಿಯಲಿಲ್ಲ. ಗಾಳಿಯಲ್ಲಿ ತೂಗುತ್ತಾ ಕೂತಿದ್ದಾಗ ನನಗೆ ಏನು ಬೇಕೆಂದು ಗೊತ್ತಾಯಿತು.

"ಅದನ್ನೂ ಇಡಿ ಮಾವ. ಅದು ನನ್ನ ತೂಕದ್ದಲ್ಲ. ಹೋದ ಮಗೂದು."

ಮಾವ ನನ್ನ ಮುಖ ನೋಡಲಿಲ್ಲ. ಬಗ್ಗಿ, ಉಳಿದ ಬೆಲ್ಲದ ಮೇಲೆ ಅದನ್ನು ಮೆತ್ತಗೆ ಇಟ್ಟರು.

ಆಗ ಕಂಬದ ಹತ್ತಿರದಿಂದ ಅತ್ತೆ ಮಾತಾಡಿದರು. ಅವರು ಅಣ್ಣನ ಎದುರು ಸ್ವರ ಎತ್ತಿದ್ದನ್ನು ನಾನು ಆವರೆಗೆ ಕೇಳಿರಲಿಲ್ಲ.

"ಇನ್ನೂ ಎರಡು ತಾ ಅಣ್ಣ. ನನ್ನವು. ನಿನ್ನ ಅಳಿಯ ಹುಟ್ಟೋಕೆ ಮುಂಚೆ ಎರಡು ಹೋದವಲ್ಲ, ಆಗ್ಲೂ ಇದೇ ಅಂದಿದ್ದೆ ನೀನು. ನಂಗೆ ಆಗ ಕ್ಯಾನು ಎತ್ತಕ್ಕೂ ಬರ್ತಿರ್ಲಿಲ್ಲ, ಬಾಯೂ ಬರ್ತಿರ್ಲಿಲ್ಲ."

ನನ್ನ ಗಂಡ ತಾಯಿಯ ಮುಖ ನೋಡಿದರು. ಅವರಿಗೂ ಗೊತ್ತಿರಲಿಲ್ಲ. ಅತ್ತೆ ಮಗಳನ್ನು ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಹಾಕಿಕೊಂಡು ನನ್ನ ಹಲಗೆಯ ಪಕ್ಕಕ್ಕೆ ಬಂದು ನಿಂತು, ಅದು ತೂಗಾಡದ ಹಾಗೆ ಸರಪಳಿಯನ್ನು ಹಿಡಿದುಕೊಂಡರು.

ಚೀಲ ಖಾಲಿಯಾಗಿತ್ತು. ಮಾವ ಅದನ್ನು ಕೊಡವಿ ಮಡಿಸಿ ಕಂಕುಳಲ್ಲಿ ಸಿಕ್ಕಿಸಿಕೊಂಡು, ಮೆಟ್ಟಿಲಿಳಿದು, ಮತ್ತೆ ಸ್ಕೂಟರ್ ಹತ್ತಿದರು. ಪೂಜಾರಿ, ಸಂದಿತಲ್ಲ, ಇನ್ನು ಇಳಿಯಬಹುದು ಎಂದು ಇನ್ನೊಮ್ಮೆ ಹೇಳಿದರು.

"ಬರ್ಲಿ, ಕೂತ್ಕೊಂಡಿರು" ಎಂದರು ಅತ್ತೆ. ನಾನು ಕೂತೇ ಇದ್ದೆ.